ರಜೆಯಲ್ಲಿ ಊರಮನೆಯ ಬಾಕಿ ಕೆಲಸ: ಒಂದು ಸಲಹೆ

ಕಾಸರಗೋಡಿನ ಆಸುಪಾಸಿನಲ್ಲಿ ಕುಟುಂಬಕ್ಕೆಂದು ಸಣ್ಣ ರಜೆಮನೆ ಕಟ್ಟಿಸಿ, ಉಳಿದ ಕೆಲಸವನ್ನು ಎಪ್ರಿಲ್–ಮೇ ರಜೆಯಲ್ಲಿ ಮುಗಿಸಲು ಹೊರಟವರು ಮೊದಲು ನೋಡಬೇಕಾದುದು ಗೋಡೆಯ ಬಣ್ಣವನ್ನಲ್ಲ, ಮಾಡನ್ನು, ಅಂದರೆ ಛಾವಣಿಯನ್ನು. ಸಾಮಾನ್ಯವಾಗಿ ಜೂನ್ ಆರಂಭದಲ್ಲೇ ಮಳೆಗಾಲ ಹಿಡಿಯುವುದರಿಂದ, ಒಡೆದ ಹಂಚು ಬದಲಿಸುವುದನ್ನೂ ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಪರೀಕ್ಷಿಸುವುದನ್ನೂ ಮುಂದೂಡಬಾರದು. ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿಯುವ ಹಳೆಯ ಪದ್ಧತಿ ಒಳ್ಳೆಯದೇ; ಆದರೆ ಅದು ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುವುದರಿಂದ ಕೈಗವಸು ಕಡ್ಡಾಯ, ಮಕ್ಕಳು ಹತ್ತಿರ ಸುಳಿಯಬಾರದು.

ಎಡವುವುದು ಹೆಚ್ಚಾಗಿ ಸಾರಣೆಯ, ಅಂದರೆ ಗೋಡೆಗೆ ಗಾರೆ ಮೆತ್ತುವ ಕೆಲಸದ, ವಿಷಯದಲ್ಲಿ. ಸಿಮೆಂಟ್ ಸಾರಣೆಗೆ ಕನಿಷ್ಠ 7 ದಿನ ನೀರು ಹಾಕಬೇಕು, ಅನಂತರ ಬಣ್ಣ ಬಳಿಯುವ ಮುನ್ನ ಸುಮಾರು 4 ವಾರ ಒಣಗಲು ಬಿಡಬೇಕು. ಗೋಡೆಯ ಕೆಂಪುಕಲ್ಲು ನೀರು ಹೀರುವ ಕಲ್ಲಾದ್ದರಿಂದ, ಒಳಗೆ ತೇವ ಉಳಿದಿರುವಾಗಲೇ ಪುಟ್ಟಿ ಹಚ್ಚಿದರೆ ಅದು ಮಳೆಗಾಲದಲ್ಲಿ ಹೊಪ್ಪಳೆಯಾಗಿ ಏಳುತ್ತದೆ. ಆದ್ದರಿಂದ ಎರಡು ವಾರದ ರಜೆಯಲ್ಲಿ ಸಾರಣೆ ಮತ್ತು ಬಣ್ಣ ಎರಡನ್ನೂ ಮುಗಿಸುವ ಯೋಜನೆ ನಡೆಯುವಂಥದ್ದಲ್ಲ. ಸಾರಣೆಯನ್ನು ಮಾರ್ಚ್‌ನಲ್ಲೇ ಊರಿನ ಮೇಸ್ತ್ರಿಗೆ ಒಪ್ಪಿಸಿ, ನೀರು ಹಾಕುವ ಹೊಣೆಯನ್ನು ನೆರೆಯವರಿಗೆ ಕೂಲಿ ಕೊಟ್ಟೇ ವಹಿಸುವುದು ಲೇಸು. ಬರಿಯ ದಾಕ್ಷಿಣ್ಯದ ಮೇಲೆ ನಡೆಯುವ ಕೆಲಸ ಇದಲ್ಲ.

ರಜೆಯ ದಿನಗಳಿಗೆ ಬಾಗಿಲು, ನಲ್ಲಿ, ಬಣ್ಣಗಳನ್ನು ಉಳಿಸಿಕೊಳ್ಳಬಹುದು. ಮಂಜೇಶ್ವರ, ಬೇಕಲದಂತಹ ಕಡಲಂಚಿನಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವ ಕಾರಣ, ಬಿಜಾಗರಿ ಮತ್ತು ಚಿಲಕಗಳಿಗೆ ಹಿತ್ತಾಳೆಯನ್ನೋ ಉತ್ತಮ ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೋ ಆರಿಸಿಕೊಳ್ಳಿರಿ.