ಸಾಮ್ರಾಜ್ಯ ಕಳೆದುಕೊಂಡ ಬ್ರಿಟನ್: 15 ಅಂಕದ ಉತ್ತರ ಬರೆಯೋದು ಹೇಗೆ?

ಬ್ರಿಟನ್ ಸಾಮ್ರಾಜ್ಯ ಕಳೆದುಕೊಂಡಿದೆ, ಹೊಸ ಪಾತ್ರ ಇನ್ನೂ ಸಿಕ್ಕಿಲ್ಲ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಡೀನ್ ಅಚೆಸನ್ 1962ರ ಡಿಸೆಂಬರ್‌ನಲ್ಲಿ ಆಡಿದ ಮಾತಿದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಿದ್ದರೆ ನಿಮ್ಮ ಕೈಲಿರೋದು 250 ಪದ, 11 ನಿಮಿಷ.

ಬಳ್ಳಾರಿ ಕಡೆಯವರು ಎಡವೋದು ಪೀಠಿಕೆಯಲ್ಲೇ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆ, ಕಲೆಕ್ಟರ್ ಮನ್ರೋ, ರೈತವಾರಿ (ರೈತರಿಂದ ನೇರ ಕಂದಾಯ) ಅಂತ ಗೊತ್ತಿದ್ದದ್ದನ್ನೆಲ್ಲ ಸುರಿದರೆ ಮೂರು ನಿಮಿಷ ಹೋಯಿತು. (ರಾಯಚೂರು, ಕೊಪ್ಪಳದವರಿಗೆ ಆ ಆಸೆ ಕಡಿಮೆ, ಅಲ್ಲಿ 1948ರವರೆಗೂ ನಿಜಾಮನದೇ ಆಳ್ವಿಕೆ.) ಪ್ರಶ್ನೆ ಕೇಳ್ತಿರೋದು 1945ರ ಈಚಿನದು.

ಮೊದಲ ನಿಮಿಷ ಪೆನ್ಸಿಲಿನಲ್ಲಿ ನಡುವೆ ಒಂದರೊಳಗೊಂದು ಸೇರಿಕೊಳ್ಳುವ ಮೂರು ವೃತ್ತ ಹಾಕಿ: ಕಾಮನ್‌ವೆಲ್ತ್ (ಬ್ರಿಟನ್ ಮತ್ತು ಅದರ ಹಳೆಯ ವಸಾಹತುಗಳ ಕೂಟ), ಅಮೆರಿಕ, ಯುರೋಪ್. ಮೂರೂ ಕೂಡುವ ಜಾಗದಲ್ಲಿ ಬ್ರಿಟನ್ ನಿಂತಿದೆ ಅಂತ 1948ರಲ್ಲಿ ಚರ್ಚಿಲ್ ಹೇಳಿದ್ದ. ಆ ಜಾಗ ಹೇಗೆ ಕರಗಿತು ಅನ್ನೋದೇ ನಿಮ್ಮ ಉತ್ತರ.

80 ಪದ ಈಜಿಪ್ಟಿನ ಸೂಯೆಜ್ ಕಾಲುವೆ ಬಿಕ್ಕಟ್ಟಿಗೆ ಇಡಿ. 1956ರ ಜುಲೈ 26ರಂದು ಈಜಿಪ್ಟ್ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಿಸಿದ. ಅಕ್ಟೋಬರ್ ಕೊನೆಗೆ ಇಸ್ರೇಲ್, ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್ ನುಗ್ಗಿದವು. "ಅಮೆರಿಕ ವಿರೋಧಿಸಿತು" ಅಂತ ಬರೆದು ನಿಲ್ಲಿಸೋದು ಎಲ್ಲರೂ ಮಾಡುವ ತಪ್ಪು. ಹೇಗೆ ವಿರೋಧಿಸಿತು ಅನ್ನೋದಕ್ಕೇ ಅಂಕ. ಪೌಂಡ್ ಕುಸಿಯುತ್ತಿತ್ತು, ಸೇನೆ ಹಿಂದೆ ಬರುವವರೆಗೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲಕ್ಕೆ ಅಮೆರಿಕದ ಐಸೆನ್‌ಹೋವರ್ ಸರ್ಕಾರ ಅಡ್ಡ ನಿಂತಿತು. ರಣರಂಗದಲ್ಲಿ ಸೋಲದ ಸೇನೆ ಖಜಾನೆಯಿಂದಾಗಿ ವಾಪಸಾಯಿತು. 1957ರ ಜನವರಿಯಲ್ಲಿ ಬ್ರಿಟನ್ ಪ್ರಧಾನಿ ಈಡನ್ ರಾಜೀನಾಮೆ.

ಅದೇ ಪೌಂಡಿನ ಎಳೆ ಹಿಡಿದು ಮುಂದೆ ಹೋಗಿ. 1967ರ ನವೆಂಬರ್‌ನಲ್ಲಿ ಪೌಂಡ್ 2.80 ಡಾಲರ್‌ನಿಂದ 2.40ಕ್ಕೆ ಇಳಿಯಿತು, ಎರಡೇ ತಿಂಗಳಲ್ಲಿ ಸೂಯೆಜ್‌ನ ಪೂರ್ವದ ನೆಲೆಗಳಿಂದ ಸೇನೆ ಹಿಂತೆಗೆಯುವ ಘೋಷಣೆ.

ಯುರೋಪಿನ ಒಕ್ಕೂಟದ ಕಥೆಗೆ ನಾಲ್ಕು ಇಸವಿ ಸಾಕು: 1963 ಮತ್ತು 1967 (ಬ್ರಿಟನ್ ಸೇರುವುದನ್ನು ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ತಡೆದದ್ದು), 1973 (ಸೇರಿದ್ದು), 2020 (ಬಿಟ್ಟದ್ದು). ತಡೆದ ಮೊದಲ ಬಾರಿ ಬ್ರಿಟನ್ ಪ್ರಧಾನಿ ಮ್ಯಾಕ್‌ಮಿಲನ್, ಎರಡನೇ ಬಾರಿ ವಿಲ್ಸನ್, ಅದಲುಬದಲು ಮಾಡಬೇಡಿ. 1982ರಲ್ಲಿ ಅರ್ಜೆಂಟೀನಾ ವಿರುದ್ಧದ ಫಾಕ್‌ಲ್ಯಾಂಡ್ಸ್ ಗೆಲುವನ್ನು ಸಾಮ್ರಾಜ್ಯ ಮರಳಿದ ಗುರುತಾಗಿ ಬರೆಯಲೂಬೇಡಿ. ಇದ್ದ ದ್ವೀಪ ಉಳಿಯಿತು, ಅಷ್ಟೇ.

ಕೊನೆಯ 30 ಪದದಲ್ಲಿ 2021ರ ಆಕಸ್ (ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕದ ರಕ್ಷಣಾ) ಒಪ್ಪಂದ, 2025ರ ಜುಲೈನ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ. ಭಾರತವನ್ನು ಕಾಮನ್‌ವೆಲ್ತ್ ವೃತ್ತದೊಳಗೆ ತುರುಕಬೇಡಿ, ಸುಂಕದ ಚೌಕಾಸಿಗೆ ಎದುರು ಕೂತ ದೇಶವಾಗಿ ಬರೆಯಿರಿ.