ತೊರಕೆಗಳ ಹೊಟ್ಟೆಯಲ್ಲಿ ಏನಿತ್ತು: ನನ್ನ ಅನುಭವ

ಬೆಂಗಳೂರಿನಲ್ಲಿ ಕುಳಿತು ಕಡಲ ತಳದ ಚಪ್ಪಟೆ ಮೀನುಗಳಾದ ತೊರಕೆಗಳ (ಸ್ಟಿಂಗ್‌ರೇ) ಆಹಾರವನ್ನು ಅಭ್ಯಾಸ ಮಾಡಬೇಕೆಂದರೆ ಮೊದಲು ಹೊಟ್ಟೆಯೊಳಗಿನದು ಕರಗದಂತೆ ನೋಡಿಕೊಳ್ಳಬೇಕು. ಮೀನು ಸತ್ತರೂ ಜಠರರಸದ ಕೆಲಸ ನಿಲ್ಲುವುದಿಲ್ಲ. ಆದ್ದರಿಂದ ಮಲ್ಪೆ ಮತ್ತು ಮಂಗಳೂರಿನ ಬಂದರುಗಳಲ್ಲಿ ಟ್ರಾಲ್ ಬೋಟುಗಳು ಇಳಿಸಿದ ತೊರಕೆಗಳ ಜಠರವನ್ನು ಅಲ್ಲಿಯೇ ಬಿಡಿಸಿ, ಎರಡೂ ತುದಿಗೆ ದಾರ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ತರಿಸಿಕೊಳ್ಳುತ್ತಿದ್ದೆ. ಟ್ರಾಲಿಂಗ್ ನಿಷೇಧವಿರುವ ಜೂನ್, ಜುಲೈನಲ್ಲಿ ಪೆಟ್ಟಿಗೆ ಬರುತ್ತಿರಲಿಲ್ಲ.

ನಾನು ಆರಿಸಿಕೊಂಡದ್ದು ಎರಡು ಜಾತಿ: ಮೈತಟ್ಟೆಯ ಅಗಲ 30 ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಬ್ರೆವಿಟ್ರೈಗಾನ್ ಇಂಬ್ರಿಕೇಟಾ ಮತ್ತು ಅರ್ಧ ಮೀಟರನ್ನೂ ಮೀರಿ ಬೆಳೆಯುವ ಬಿಳಿಚುಕ್ಕೆಯ ಮ್ಯಾಕ್ಯುಲಾಬ್ಯಾಟಿಸ್ ಗೆರಾರ್ಡಿ. 2016ರ ಮರುವಿಂಗಡಣೆಯವರೆಗೆ ಇವೆರಡನ್ನೂ ಹಿಮಾಂಟುರಾ ಕುಲದಲ್ಲೇ ಇಡುತ್ತಿದ್ದರು. ಎರಡಕ್ಕೂ ಬಾಯಿ ಹೊಟ್ಟೆಯ ಕಡೆಗಿದ್ದು ಕಣ್ಣು ಮೇಲಿರುವುದರಿಂದ, ಕೆಸರಿನಲ್ಲಿ ಅಡಗಿದ ಬೇಟೆಯನ್ನು ವಾಸನೆಯಿಂದಲೂ ಅದರ ಮೈಯಿಂದ ಹೊಮ್ಮುವ ಕ್ಷೀಣ ವಿದ್ಯುತ್ತಿನಿಂದಲೂ ಪತ್ತೆಹಚ್ಚಿ ಹೀರಿಕೊಳ್ಳುತ್ತವೆ.

ಜರಡಿಯಲ್ಲಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಾಣುವುದು ಬಹುಮಟ್ಟಿಗೆ ಬೂದು ಮುದ್ದೆ. ಅದರೊಳಗಿನ ಏಡಿಯ ಕೊಂಬಿನ ತುದಿ, ಮಂಟಿಸ್ ಸಿಗಡಿಯ ಮುಳ್ಳುಬಾಲ, ಕೆಸರುಹುಳುವಿನ ಕಪ್ಪು ದವಡೆಗಳೇ ಸಾಕ್ಷಿ. ಮೆತ್ತಗಿನ ಹುಳು ಬೇಗ ಕರಗಿಹೋಗುತ್ತದೆ, ಗಟ್ಟಿ ಚಿಪ್ಪು ಬಹಳ ಹೊತ್ತು ಉಳಿಯುತ್ತದೆ; ಹಾಗಾಗಿ ಹೊಟ್ಟೆಯ ಲೆಕ್ಕವು ಏಡಿಯ ಪರ ವಾಲುವುದು ಸಹಜ. ಬಾಯಲ್ಲೂ ಗಂಟಲಲ್ಲೂ ಇಡಿಯಾಗಿ ಸಿಕ್ಕ ಸಿಗಡಿಗಳನ್ನು, ಬಲೆಯೊಳಗೇ ತಿಂದಿರಬಹುದೆಂದು, ಲೆಕ್ಕದಿಂದ ಬಿಟ್ಟೆ.

ಇನ್ನು ಲೆಕ್ಕದ ವಿಷಯ. ಎಷ್ಟು ಹೊಟ್ಟೆಗಳಲ್ಲಿ ಸಿಕ್ಕಿತು, ಎಷ್ಟು ಸಂಖ್ಯೆ, ಎಷ್ಟು ತೂಕ ಎಂಬ ಮೂರನ್ನೂ ಕೂಡಿಸುವ ಸೂಚ್ಯಂಕವು 1971ರಿಂದ ಬಳಕೆಯಲ್ಲಿದೆ. ಎರಡು ಜಾತಿಗಳ ಆಹಾರ ಎಷ್ಟು ಹೋಲುತ್ತದೆಂದು 0ಯಿಂದ 1ರವರೆಗಿನ ಅಂಕಿಯಲ್ಲಿ ಹೇಳುವ ಶೋನರ್ ಸೂಚ್ಯಂಕ ಹಾಕಿ, 0.6 ದಾಟಿದರೆ ಗಣನೀಯ ಎನ್ನುವುದು ವಾಡಿಕೆ. ಆದರೆ ಸಿಗಡಿಗಳನ್ನೆಲ್ಲ ಒಂದೇ ಗುಂಪೆಂದು ಬರೆದರೆ ಹೋಲಿಕೆ ಏರುತ್ತದೆ, ಜಾತಿವಾರು ಬರೆದರೆ ಇಳಿಯುತ್ತದೆ. ಯಾವ ಮಟ್ಟದಲ್ಲಿ ಗುರುತಿಸಿದೆವೆಂದು ಹೇಳದ ಸೂಚ್ಯಂಕವನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಗಾತ್ರ. ಬಲಿತ ಇಂಬ್ರಿಕೇಟಾವನ್ನು ಬಲಿತ ಗೆರಾರ್ಡಿಯೊಂದಿಗೆ ಹೋಲಿಸಿದಾಗ ಇಂಬ್ರಿಕೇಟಾ ಸಣ್ಣ ಸಿಗಡಿ ಮತ್ತು ಹುಳುಗಳ ಕಡೆಗೂ ಗೆರಾರ್ಡಿ ಏಡಿ, ಮಂಟಿಸ್ ಸಿಗಡಿ, ಸಣ್ಣ ಮೀನುಗಳ ಕಡೆಗೂ ಸರಿದದ್ದು ಕಂಡಿತು. ಅದೇ ಅಗಲದ ಮರಿ ಗೆರಾರ್ಡಿಯೊಂದಿಗೆ ಹೋಲಿಸಿದಾಗ ಆ ಅಂತರ ಬಹುಪಾಲು ಮಾಯವಾಯಿತು. ಜಾತಿಯ ಭೇದವೆಂದು ತೋರುವುದರಲ್ಲಿ ಬಾಯಿಯ ಅಳತೆಯ ಪಾಲೇ ದೊಡ್ಡದು. ಹೋಲಿಕೆಯಿದ್ದ ಮಾತ್ರಕ್ಕೆ ಪೈಪೋಟಿಯೂ ಇದೆಯೆನ್ನಲಾಗದು. ಸಿಗಡಿ ಯಥೇಚ್ಛವಾಗಿದ್ದರೆ ಜಗಳಕ್ಕೆ ಕಾರಣವಿಲ್ಲ.

ಹೊಟ್ಟೆ ಹೇಳುವುದು ಕೊನೆಯ ಊಟವನ್ನು ಮಾತ್ರವಾದ್ದರಿಂದ ಬಹುಕಾಲದ ಊಟದ ಗುರುತನ್ನು ಉಳಿಸಿಕೊಳ್ಳುವ ಸ್ನಾಯುವಿನ ಸಾರಜನಕದ ಐಸೊಟೋಪುಗಳನ್ನೂ (ಭಾರ ಮತ್ತು ಹಗುರ ಸಾರಜನಕದ ಅನುಪಾತ; ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಇದು ಹೆಚ್ಚುತ್ತದೆ) ಅಳೆಯಿಸಿದೆ. ತೊರಕೆಯ ಮಾಂಸದಲ್ಲಿ ಯೂರಿಯಾ ತುಂಬಿರುವುದರಿಂದ ಅದನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯದಿದ್ದರೆ ಈ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ತೊಳೆದು ನೋಡಿದಾಗ ಮರಿ ಗೆರಾರ್ಡಿ ಮತ್ತು ಇಂಬ್ರಿಕೇಟಾ ಅಕ್ಕಪಕ್ಕದಲ್ಲೇ ಬಿದ್ದವು, ಬಲಿತ ಗೆರಾರ್ಡಿ ಸರಪಳಿಯಲ್ಲಿ ಅವೆರಡಕ್ಕಿಂತ ಮೇಲೆ ನಿಂತಿತು.