ಹಳೇ ಮಾನಿಟರ್ ಮಿನುಗುತ್ತಿದೆಯಾ? ಮೊದಲು ಮೆನು ಬಟನ್ ಒತ್ತಿ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದ ತೇವ ಕಂಪ್ಯೂಟರನ್ನೂ ಬಿಡುವುದಿಲ್ಲ. ಪರದೆ ಹಳದಿಯಾಯಿತು, ಗೆರೆ ಬಂತು ಅಂತ ಎಷ್ಟೋ ಜನ ಮಾನಿಟರನ್ನು ಗುಜರಿಗೆ ಹಾಕುತ್ತಾರೆ. ಅವಸರ ಬೇಡ. ಕೆಟ್ಟಿರುವುದು ಮಾನಿಟರಾ, ಕೇಬಲ್ಲಾ, ಕಂಪ್ಯೂಟರಾ ಅಂತ ಮೊದಲು ತಿಳಿದುಕೊಳ್ಳಿ.

ಮಾನಿಟರಿನ ಮೆನು ಬಟನ್ ಒತ್ತಿ. ಆ ಮೆನುವನ್ನು ತೋರಿಸುವುದು ಮಾನಿಟರೇ, ಕಂಪ್ಯೂಟರ್ ಅಲ್ಲ. ಚಿತ್ರ ಅದುರುತ್ತಿದ್ದರೂ ಮೆನು ಸ್ವಚ್ಛವಾಗಿದ್ದರೆ ಪರದೆ ಚೆನ್ನಾಗಿದೆ ಎಂದರ್ಥ. ಮೆನುವೂ ಮಿನುಗಿದರೆ ತೊಂದರೆ ಮಾನಿಟರಿನ ಒಳಗಿದೆ.

ಮೆನು ಸರಿ ಇದ್ದರೆ ಕೇಬಲ್ ನೋಡಿ. ಹಳೇ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನೀಲಿ ತುದಿಯ ವಿಜಿಎ ಕೇಬಲ್. ಮಾನಿಟರ್, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ, ಕೇಬಲ್ಲಿನ ಸ್ಕ್ರೂ ಸಡಿಲಿಸಿ, ಬಿಚ್ಚಿ, ಬೆಳಕಿಗೆ ಹಿಡಿಯಿರಿ. ಪಿನ್ ಬಾಗಿದೆಯಾ, ಕಪ್ಪಗಾಗಿದೆಯಾ ನೋಡಿ. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಬಹಳಷ್ಟು ಕೇಬಲ್ ಹಾಗೇ ಬರುತ್ತವೆ. ಈ ಕೇಬಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿ. ನೀಲಿ ಕೈಕೊಟ್ಟರೆ ಪರದೆ ಹಳದಿ, ಹಸಿರು ಹೋದರೆ ಗುಲಾಬಿ ಬಣ್ಣ. ಬಾಗಿದ ಪಿನ್ನನ್ನು ಚಿಮಟದಿಂದ ನಿಧಾನವಾಗಿ ನೆಟ್ಟಗೆ ಮಾಡಿ. ಕೊಳೆಯಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಪಿನ್ ಸ್ವಚ್ಛ ಮಾಡುವ ಸ್ಪ್ರೇ) ಸಿಂಪಡಿಸಿ, ಪೂರ್ತಿ ಒಣಗಲು ಬಿಡಿ. ಮತ್ತೆ ಸಿಕ್ಕಿಸುವಾಗ ಎರಡೂ ಸ್ಕ್ರೂ ಬಿಗಿ ಮಾಡಿ. ಸುಮ್ನೆ ಒತ್ತಿಟ್ಟ ಕೇಬಲ್ಲೇ ಜಾಸ್ತಿ ತೊಂದರೆ ಕೊಡುವುದು. ಆಗಲೂ ಸರಿಯಾಗದಿದ್ದರೆ ಪಕ್ಕದ ಮನೆಯ ಕೇಬಲ್ ಹಾಕಿ ನೋಡಿ.

ಅಕ್ಷರ ಮಸುಕಾಗಿದ್ದರೆ ಕಂಪ್ಯೂಟರಿನಲ್ಲಿ ರೆಸಲ್ಯೂಷನ್ (ಪರದೆಯಲ್ಲಿ ಎಷ್ಟು ಚುಕ್ಕೆ ಎಂಬ ಸೆಟ್ಟಿಂಗ್) ತಪ್ಪಿರಬಹುದು. 17 ಇಂಚಿನ ಚೌಕ ಮಾನಿಟರ್‌ಗೆ ಸಾಮಾನ್ಯವಾಗಿ 1280×1024, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ). ಚಿತ್ರ ಪಕ್ಕಕ್ಕೆ ಸರಿದಿದ್ದರೆ ಆಟೋ ಬಟನ್ ಸಾಕು.

ಪರದೆ ಕಪ್ಪಗಿದ್ದು ಲೈಟ್ ಮಾತ್ರ ಉರಿಯುತ್ತಿದ್ದರೆ ಟಾರ್ಚ್ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಡಿ. ಮಂಕಾಗಿ ಚಿತ್ರ ಕಂಡರೆ ಹಿಂಬದಿಯ ದೀಪ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ ಹೋಗಿದೆ. ಆನ್ ಆಗಲು ತಡ, ಆಗಾಗ ಆಫ್, ಇವೆಲ್ಲ ಸಾಮಾನ್ಯವಾಗಿ ಪವರ್ ಬೋರ್ಡಿನ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಪುಟ್ಟ ಭಾಗ) ಉಬ್ಬಿರುವ ಲಕ್ಷಣ. ದಯವಿಟ್ಟು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು. ಹಳೇ ದಪ್ಪ ಡಬ್ಬದ ಮಾನಿಟರ್‌ನಲ್ಲಂತೂ ಸಾವಿರಾರು ವೋಲ್ಟ್. ರಿಪೇರಿ ಅಂಗಡಿಗೆ ಒಯ್ದು, 105 ಡಿಗ್ರಿ ಸೆಲ್ಸಿಯಸ್ ಬಿಸಿ ತಡೆಯುವ ಕೆಪಾಸಿಟರನ್ನೇ ಹಾಕಿ ಎಂದು ಹೇಳಿ. ಪರದೆಯೇ ಒಡೆದಿದ್ದರೆ ಮಾತ್ರ ಹೊಸದು ನೋಡಿ.